ಒಂದು ಗೇಣು ಅಂಚು

ಸರಸ್ವತಮ್ಮ ಹಗಲು ಹೊತ್ತು ನೀರು ಕುಡಿಯುತ್ತಿರಲಿಲ್ಲ. ಬಾಯಾರಿಕೆ ಇರಲಿಲ್ಲವೆಂದಲ್ಲ, ಕುಡಿಯದೆ ಇರುವುದನ್ನು ಕಲಿತಿದ್ದಳು. ಹನೂರಿನಿಂದ ಮದುವೆಯಾಗಿ ಕೊಳ್ಳೇಗಾಲದ ನೇಕಾರರ ಬೀದಿಗೆ ಬಂದಾಗ ಆಕೆಗೆ ಮಗ್ಗದ ಕೆಲಸ ಏನೇನೂ ಗೊತ್ತಿರಲಿಲ್ಲ. ಕುಲ ನೇಕಾರರದ್ದೇ, ಆದರೆ ಆಕೆಯ ತಂದೆ ಸೈಕಲ್ಲಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ಮಾರ್ಟಳ್ಳಿಯವರೆಗೂ ಮಾರಿ ಬರುತ್ತಿದ್ದವನು, ಮನೆಯಲ್ಲಿ ಮಗ್ಗವಿರಲಿಲ್ಲ. ಸೊಸೆಯನ್ನು ಮಗ್ಗಕ್ಕೆ ಕೂರಿಸುವ ಮೊದಲು ಅತ್ತೆ ಶಿವರತ್ನಮ್ಮ ಹೇಳಿದ್ದು ಇಷ್ಟೆ:

"ಗುಂಡಿಗೆ ಇಳಿಯೋಕ್ ಮುಂಚೆ ನೀರು ಕುಡೀಬ್ಯಾಡ ಕಣಮ್ಮಿ. ಒಬ್ರು ಎದ್ರೆ ಇಬ್ರು ಕೆಲ್ಸ ನಿಂತೋಯ್ತದೆ."

ಅವರದು ಗುಂಡಿ ಮಗ್ಗ. ನೆಲದಲ್ಲಿ ಸೊಂಟದುದ್ದ ಗುಂಡಿ ತೋಡಿರುತ್ತಾರೆ. ನೇಯುವವರು ಅದರ ದಡದಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತಾರೆ. ಮೈಯ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು ಇರುವ ರೇಷ್ಮೆ ಸೀರೆಗೆ ಇಬ್ಬರು ಬೇಕು. ಅಡ್ಡ ಎಳೆ ಒಯ್ಯುವ ನಡುವಿನ ಲಾಳಿ ಗಂಡ ಎಸೆಯುತ್ತಾನೆ; ಅವನ ಬಲಕ್ಕೆ ಕೂತವಳು ಅದೇ ಗಳಿಗೆಗೆ ಅಂಚಿನ ಲಾಳಿ ಎಸೆಯಬೇಕು. ಎರಡು ಬಣ್ಣದ ಎಳೆಗಳು ಸರಿಯಾದ ಜಾಗದಲ್ಲಿ ಒಂದನ್ನೊಂದು ಹಿಡಿದುಕೊಂಡರೆ ಅಂಚು ನೆಟ್ಟಗಿರುತ್ತದೆ. ಯಾರಾದರೂ ಒಬ್ಬರು ತಡಮಾಡಿದರೆ ಸೊಟ್ಟಗಾಗುತ್ತದೆ, ಮತ್ತೆ ಬಿಚ್ಚಬೇಕು.

ಹೀಗೆ ಸರಸ್ವತಮ್ಮ ತನ್ನ ಗಂಡ ನಂಜುಂಡಯ್ಯನ ಬಲಕ್ಕೆ ಮೂವತ್ತು ವರ್ಷಕ್ಕೂ ಮೇಲೆ ಕೂತಳು. ನಮ್ಮ ಅಡುಗೆಮನೆಯ ಗೋಡೆಯ ಆಚೆಗೇ ಅವರ ಮಗ್ಗ. ಮೈಸೂರಿನ ಕಾಲೇಜಿನಿಂದ ನಿವೃತ್ತಳಾಗಿ ನಾನು ಈ ಮನೆಗೆ ಬಂದ ಮೇಲೆ, ಅವರ ಮಗ್ಗದ ಸದ್ದಿಲ್ಲದ ಹಗಲನ್ನು ಕಂಡಿದ್ದು ಕಡಿಮೆ. ಜಗಳವಿಲ್ಲದ ಹಗಲನ್ನು ಕಂಡೇ ಇಲ್ಲ.

"ನಾನು ಎಸೆಯೋದ್ರೊಳ್ಗೆ ನೀವ್ಯಾಕ್ರಿ ತುಳೀತೀರಿ? ಬಸ್ಸು ತಪ್ಪೋಯ್ತದಾ?"

"ನೀನು ಆಕಳಿಸ್ತಾ ಕೂತಿದ್ರೆ ನಾನು ಕಾಯ್ಬೇಕಾ?"

"ಆಕಳಿಸ್ದೆ ಇನ್ನೇನ್ಮಾಡ್ಲಿ, ದಿನಾ ನಿಮ್ ಮಕ ಒಂದೇ ನೋಡ್ಕಂಡು?"

ಮಾತು ಹೀಗೆ ಓಡುತ್ತಿರುವಾಗಲೂ ಲಾಳಿಗಳು ತಪ್ಪುತ್ತಿರಲಿಲ್ಲ. ಅವರ ಮಗಳು ದೀಪಶ್ರೀ ಯಳಂದೂರಿನ ಹತ್ತಿರದ ಹೊನ್ನೂರಿಗೆ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಇವರಿಬ್ಬರೇ. ಸರಸ್ವತಮ್ಮ ಸಿಹಿ ಮಾತಿನವಳಲ್ಲ. ಹೂವಿನವಳ ಹತ್ತಿರ, ತರಕಾರಿಯವನ ಹತ್ತಿರ, ನನ್ನ ಹತ್ತಿರ ಎಲ್ಲರ ಜೊತೆಗೂ ಒಂದೇ ದನಿ. ಕೆಲಸ ಮಾತ್ರ ಚೊಕ್ಕ. ಆಕೆ ತಿಕ್ಕಿದ ಪಾತ್ರೆಯನ್ನು ಇನ್ನೊಬ್ಬರು ನೋಡಬೇಕಿರಲಿಲ್ಲ.

ಕೊಳ್ಳೇಗಾಲದಲ್ಲಿ ಆಷಾಢವೆಂದರೆ ಮಳೆಯಲ್ಲ, ಗಾಳಿ. ಒಣಗಾಳಿ ಬಾಗಿಲು ಕಿಟಕಿ ಬಡಿದು ಮನೆಯೊಳಗಿನ ತೇವವನ್ನೆಲ್ಲ ಹೀರುತ್ತದೆ. ರೇಷ್ಮೆ ಎಳೆಗೆ ತೇವವಿಲ್ಲದಿದ್ದರೆ ಪಟಪಟನೆ ಕಿತ್ತುಬರುತ್ತದೆ. ಅದಕ್ಕಾಗಿ ಮಗ್ಗದ ಗುಂಡಿಯ ಮೂಲೆಯಲ್ಲಿ, ಬಿಗಿದ ಎಳೆಗಳ ಕೆಳಗೆ, ಅಗಲ ಬಾಯಿಯ ಮಣ್ಣಿನ ಬಾನಿಯೊಂದರಲ್ಲಿ ನೀರು ತುಂಬಿಡುತ್ತಾರೆ. ಇದಕ್ಕೊಂದು ನೇಮವೂ ಇತ್ತು. ಮಗ್ಗಕ್ಕೆ ಹೊಸ ಹಾಸು ಏರಿಸಿದ ದಿನ, ಎಂದರೆ ಎರಡು ಮೂರು ಸೀರೆಗಾಗುವಷ್ಟು ಉದ್ದದ ಎಳೆಗಳನ್ನು ಬಿಗಿದ ದಿನ, ಬಾನಿಗೆ ಅರಿಶಿನ ಹಾಕಿ ಹೊಸ ನೀರು ತುಂಬಿ ಪೂಜೆ ಮಾಡುವುದು. ಆ ಹಾಸು ಮುಗಿದು ಕೊನೆಯ ಸೀರೆ ಇಳಿಯುವವರೆಗೆ ಬಾನಿಯನ್ನು ಬರಿದು ಮಾಡಬಾರದು. ಕಡಿಮೆಯಾದಷ್ಟನ್ನು ಬೆಳಿಗ್ಗೆ ಮೇಲಿನಿಂದ ತುಂಬುತ್ತಿರಬೇಕು. ತುಂಬುವ ಕೆಲಸ ನಂಜುಂಡಯ್ಯನದು. ಅವನಪ್ಪ ಮಾಡುತ್ತಿದ್ದ, ಇವನೂ ಮಾಡಿದ.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ರಾಜ್ಯದಲ್ಲೆಲ್ಲ ಡೆಂಗಿ ಹಬ್ಬಿತ್ತು. ನಮ್ಮ ಬೀದಿಗೆ ಆಶಾ ಕಾರ್ಯಕರ್ತೆ ಮೋನಿಕಾ ಪ್ರತಿ ಶುಕ್ರವಾರ ಬರತೊಡಗಿದಳು. ಮಾರ್ಟಳ್ಳಿಯ ಹುಡುಗಿ, ಕೊಳ್ಳೇಗಾಲಕ್ಕೆ ಮದುವೆಯಾಗಿ ಬಂದವಳು. ಫೋನಿನಲ್ಲಿ ತಾಯಿಯೊಡನೆ ತಮಿಳು, ನಮ್ಮೊಡನೆ ಕನ್ನಡ. ಡ್ರಮ್ಮಿನೊಳಗೆ ಟಾರ್ಚು ಬಿಟ್ಟು ಸೊಳ್ಳೆಯ ಹುಳು ಹುಡುಕುವುದು ಅವಳ ಕೆಲಸ. ಫ್ರಿಜ್ಜಿನ ಹಿಂದಿನ ತಟ್ಟೆ, ತುಳಸಿ ಕುಂಡ, ತೆಂಗಿನ ಚಿಪ್ಪು ಒಂದನ್ನೂ ಬಿಡುತ್ತಿರಲಿಲ್ಲ.

"ಅಮ್ಮ, ವಾರಕ್ಕೊಂದ್ಸಲ ಖಾಲಿ ಮಾಡಿ ಉಜ್ಜಿ ತೊಳೀಬೇಕು. ಬರೀ ನೀರು ಚೆಲ್ಲುದ್ರೆ ಸಾಲ್ದು, ಮೊಟ್ಟೆ ಗೋಡೆಗೇ ಅಂಟ್ಕಂಡಿರ್ತದೆ. ಈ ಸೊಳ್ಳೆ ಹಗಲೊತ್ತೇ ಕಚ್ಚದು, ಕಾಲಿಗೇ ಜಾಸ್ತಿ."

"ನನ್ ಡ್ರಮ್ಮು ನೋಡು ಬಾ," ಎಂದಳು ಸರಸ್ವತಮ್ಮ. "ನಿನ್ ಮಕ ಕಾಣ್ದಿದ್ರೆ ಕೇಳು."

ಡ್ರಮ್ಮು ನಿಜಕ್ಕೂ ಹೊಳೆಯುತ್ತಿತ್ತು. ಬಾಯಿಗೆ ಹಳೆಯ ಸೀರೆಯ ತುಂಡು ಬಿಗಿದು ಕಟ್ಟಿತ್ತು. ಮೋನಿಕಾ ನಗುತ್ತಾ ಪಕ್ಕದ ಮನೆಯವರನ್ನು ಕರೆದು ತೋರಿಸಿದಳು. ಆಮೇಲೆ ಮಗ್ಗದ ಕೋಣೆಯ ಹೊಸಿಲಿನ ಹೊರಗೆ ನಿಂತು ಕೇಳಿದಳು:

"ಇನ್ನೆಲ್ಲಾದ್ರೂ ನೀರು ಇಟ್ಟಿದೀರಾ?"

"ಇಲ್ಲ ಕಣವ್ವ," ಎಂದ ಗುಂಡಿಯಲ್ಲಿ ಕಾಲು ಬಿಟ್ಟು ಕೂತಿದ್ದ ನಂಜುಂಡಯ್ಯ.

ಅವನು ಸುಳ್ಳು ಹೇಳಲಿಲ್ಲ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಆ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ಬಾನಿಯ ನೀರು ಅವರ ಲೆಕ್ಕದಲ್ಲಿ ಇಟ್ಟ ನೀರಲ್ಲ. ಅದು ಲಾಳಿಯ ಹಾಗೆ, ಹಲಗೆಯ ಹಾಗೆ, ಮಗ್ಗದ ಒಂದು ಅಂಗ. ಮಗ್ಗದ ಕೋಣೆಯೊಳಗೆ ಹೊರಗಿನವರು ಕಾಲಿಡುವ ವಾಡಿಕೆಯೂ ಇಲ್ಲ. ನೇಕಾರರ ಮನೆಯವಳಲ್ಲದ ಮೋನಿಕಾಗೆ ಗುಂಡಿಯ ತಳದಲ್ಲಿ ಬಾನಿ ಇರುತ್ತದೆಂದು ಗೊತ್ತಾಗುವುದಾದರೂ ಹೇಗೆ? ಅವಳು ಬಾಗಿಲ ಮೇಲೆ ಸುಣ್ಣದ ಗುರುತು ಹಾಕಿ ಮುಂದಿನ ಮನೆಗೆ ಹೋದಳು.

ಸರಸ್ವತಮ್ಮನಿಗೆ ಮೈಕೈ ನೋವು ಶುರುವಾದಾಗ ಯಾರೂ ಗಮನ ಕೊಡಲಿಲ್ಲ, ಆಕೆಯೂ ಕೊಡಲಿಲ್ಲ. ಮಗ್ಗದವರಿಗೆ ಬೆನ್ನು, ಕತ್ತು, ಮಂಡಿ ನೋಯದ ದಿನವೇ ಇಲ್ಲ. ಮೆಡಿಕಲ್ ಅಂಗಡಿಯಿಂದ ತಂದಿಟ್ಟ ನೋವಿನ ಮಾತ್ರೆ ಗೂಡಿನಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನೇ ನುಂಗಿದಳು. ಸಂಜೆಗೆ ಮೈ ಕೆಂಡವಾಯಿತು. ಮರುದಿನ ಮಗ್ಗದ ಸದ್ದು ಕೇಳದಿದ್ದಾಗ ನಾನು ಹೋಗಿ ನೋಡಿದೆ. ಕಣ್ಣು ತೆರೆಯಲಾರದೆ ಮಲಗಿದ್ದಳು. ಮಾತ್ರೆಯ ಪಟ್ಟಿಯನ್ನು ನಾನೇ ಎತ್ತಿಟ್ಟುಕೊಂಡು, ಆಟೋ ಕರೆಸಿ, ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದೆ.

ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದಾಯಿತು. ವೈದ್ಯೆ ಚಿಕ್ಕ ವಯಸ್ಸಿನವಳು, ಹೊರಗೆ ಸಾಲು ಉದ್ದವಿತ್ತು, ಆದರೂ ಸಮಾಧಾನವಾಗಿ ಹೇಳಿದಳು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ನೋವಿನ ಮಾತ್ರೆ ಮುಟ್ಟಬಾರದು, ಅದರಿಂದ ರಕ್ತಸ್ರಾವವಾಗಬಹುದು. ಗಂಟೆಗೊಮ್ಮೆ ಏನಾದರೂ ಕುಡಿಯುತ್ತಿರಬೇಕು: ಗಂಜಿ, ಎಳನೀರು, ಓಆರ್‌ಎಸ್, ಮಜ್ಜಿಗೆ. ದಿನಾ ಬಂದು ರಕ್ತ ಕೊಡಬೇಕು. ಹೊಟ್ಟೆನೋವು, ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಬರಬೇಕು.

"ಜ್ವರ ಬಿಟ್ಟ ಮೇಲೇ ಜಾಸ್ತಿ ಹುಷಾರಾಗಿರಬೇಕು ಅಜ್ಜ," ಎಂದಳು. "ಅಪಾಯ ಬರೋದು ಆವಾಗಲೇ."

ನಂಜುಂಡಯ್ಯ ತಲೆಯಾಡಿಸಿದ. ಆಟೋದಲ್ಲಿ ಬರುವಾಗ ನಾನು ಅದನ್ನೇ ಮತ್ತೆ ಹೇಳಿದೆ. ಆಗಲೂ ತಲೆಯಾಡಿಸಿದ. ಜ್ವರ ಎಂದರೆ ಕಾಯಿಲೆ, ಜ್ವರ ಬಿಟ್ಟರೆ ವಾಸಿ. ಅರವತ್ತು ವರ್ಷ ಹಾಗೆ ನಂಬಿದ್ದವನ ತಲೆಗೆ ಈ ಮಾತು ಹೋಯಿತೆ, ಇಲ್ಲವೆ, ತಲೆಯಾಡಿಸುವುದನ್ನು ನೋಡಿ ಹೇಳಲು ಬರುವುದಿಲ್ಲ.

ಅವನು ಎಳನೀರು ತಂದ, ಗಂಜಿ ಕಾಯಿಸಿದ. ಹೆಂಡತಿ ಎರಡು ಗುಟುಕು ಕುಡಿದು ಲೋಟ ಇಡುತ್ತಿದ್ದಳು.

"ಕುಡಿಯೇ ಇವ್ಳೇ, ಡಾಕ್ಟ್ರಮ್ಮ ಏಳ್ಲಿಲ್ವಾ?"

"ಇಳೀದು ಕಣ್ರಿ. ಗಂಟ್ಲಿಗೆ ಅಭ್ಯಾಸವಿಲ್ಲ. ಸುಮ್ನಿರಿ."

ನಾನು ಬೈದಾಗ ಮಾತ್ರ ಲೋಟ ಖಾಲಿ ಮಾಡುತ್ತಿದ್ದಳು, ನನ್ನನ್ನು ಕಳಿಸುವುದಕ್ಕಾಗಿ. ಮರುದಿನ ಹೋಗಿ ರಕ್ತ ಕೊಟ್ಟು ಬಂದಳು. ಪ್ಲೇಟ್‌ಲೆಟ್ ಸ್ವಲ್ಪ ಇಳಿದಿತ್ತು. ಗಾಬರಿಯಿಲ್ಲ, ನಾಳೆ ತಪ್ಪದೆ ಬನ್ನಿ ಎಂದರು. ಅದರ ಮರುದಿನ ನಾನು ಕಣ್ಣಿನ ಚಿಕಿತ್ಸೆಗೆ ಮೈಸೂರಿಗೆ ಹೋಗಬೇಕಿತ್ತು. ಅಂದು ನಡೆದದ್ದನ್ನು ನಂಜುಂಡಯ್ಯ ಆಮೇಲೆ ಹಲವು ಸಲ ನನಗೆ ಹೇಳಿದ್ದಾನೆ, ಪ್ರತಿ ಸಲವೂ ಅದೇ ಮಾತುಗಳಲ್ಲಿ.

ಮಲಗಿದ್ದ ದಿನಗಳಲ್ಲಿ ಸರಸ್ವತಮ್ಮನಿಗೆ ಜ್ವರಕ್ಕಿಂತ ಹೆಚ್ಚು ಹಿಂಸೆಯಾದದ್ದು ಮಗ್ಗದ ಸದ್ದು. ಅರ್ಧ ಸೀರೆ ಮಗ್ಗದ ಮೇಲಿತ್ತು. ಆಕೆಯ ಪಕ್ಕದಲ್ಲಿ ಕೂತು ಕೂತು ಬೇಸತ್ತ ಗಂಡ ನಡುನಡುವೆ ಹೋಗಿ ಒಬ್ಬನೇ ಎರಡೂ ಲಾಳಿಗಳನ್ನು ಎಸೆದು ನೇಯುತ್ತಿದ್ದ. ಅವನು ತನ್ನ ಲಾಳಿ ಬಿಟ್ಟು ಬಲಕ್ಕೆ ವಾಲಿ ಅಂಚಿನ ಲಾಳಿ ಹಿಡಿಯುವಷ್ಟರಲ್ಲಿ ಎಳೆ ಸಡಿಲವಾಗುತ್ತಿತ್ತು. ಆ ಸದ್ದು ಆಕೆಗೆ ಗೋಡೆಯಾಚೆಯಿಂದಲೇ ಗೊತ್ತಾಗುತ್ತಿತ್ತು.

"ನಿಲ್ಸ್ರೀ ಅತ್ಲಾಗೆ," ಎಂದು ಹಾಸಿಗೆಯಿಂದಲೇ ಕೂಗಿದ್ದಳಂತೆ. "ಕೇಳಕ್ಕಾಯ್ತಿಲ್ಲ. ಅಂಚು ಕೆಡುಸ್ತಾವ್ರೆ ಕೆಡುಸ್ತಾವ್ರೆ."

ನಾನು ಊರಿನಲ್ಲಿಲ್ಲದ ಆ ದಿನ ಬೆಳಿಗ್ಗೆ ಮೈ ಬೆವೆತು ಜ್ವರ ಇಳಿಯಿತು. ಸರಸ್ವತಮ್ಮ ಎದ್ದು ಬಿಸಿನೀರು ಹುಯ್ದುಕೊಂಡಳು, ತಲೆ ಬಾಚಿ ಹೂ ಮುಡಿದಳು. ನಂಜುಂಡಯ್ಯ ಬೀದಿಗೆ ಬಂದು ಎದುರುಮನೆಯ ಪುಟ್ಟಬಸಪ್ಪನಿಗೆ, "ಬುಡ್ತು ಕಣ್ಲಾ ಜ್ವರ," ಎಂದು ಹೇಳಿ ಹಾಲು ತಂದ. ರಕ್ತ ಕೊಡಲು ಹೋಗೋಣ ಎಂದು ಕರೆದದ್ದೂ ನಿಜ.

"ಜ್ವರನೇ ಓದ್ಮೇಲೆ ರಕ್ತ ಯಾಕೆ? ನೀವೇನು ನನ್ ಮೈಯಾಗಿರೋದ್ನೆಲ್ಲ ಸೀಸೆಗೆ ತುಂಬ್ಸಿ ಕೊಟ್ಬುಡ್ತೀರಾ? ಬನ್ನಿ, ಅಂಚು ಏನ್ ಮಾಡಿಟ್ಟಿದೀರಿ ನೋಡನ."

ಗುಂಡಿಯಲ್ಲಿ ಕಾಲಿಳಿಬಿಟ್ಟು ತನ್ನ ಜಾಗದಲ್ಲಿ ಕೂತು, ನೇಯ್ದಷ್ಟರ ಮೇಲೆ ಬೆರಳಾಡಿಸಿದಳು.

"ಇದೇನು ಅಂಚಾ? ಇಲಿ ಕಡಿದಂಗೈತೆ. ಇದ್ನ ಉಟ್ಕಳೋಳು ನಮ್ಗೆ ಶಾಪ ಆಕ್ತಾಳೆ."

"ಬಿಚ್ಚನ ಬುಡು."

"ಬಿಚ್ಚೋಕೆ ತ್ರಾಣವಿಲ್ಲ. ಮುಂದಕ್ಕಾದ್ರೂ ನೆಟ್ಟಗಿರ್ಲಿ. ತುಳೀರಿ."

ಆಕೆ ಬೈಯುತ್ತಿದ್ದಳು, ಅವನಿಗೆ ಹಿತವಾಗಿತ್ತು. ಅವನು ನನಗೆ ಹೇಳುವಾಗ ಪ್ರತಿ ಸಲವೂ ಇಲ್ಲಿ ನಿಲ್ಲುತ್ತಾನೆ. ಇಬ್ಬರೂ ಒಂದು ಗೇಣಿನಷ್ಟು ನೇಯ್ದರು. ಆಮೇಲೆ ಆಕೆ ಹೊಟ್ಟೆ ಹಿಡಿದುಕೊಂಡಳು. ಬರಿ ಹೊಟ್ಟೆಗೆ ಹಾಲು ಕುಡಿದದ್ದಕ್ಕೆ ಇರಬೇಕು ಎಂದಳು. ಇನ್ನೂ ನಾಲ್ಕು ಎಳೆ ಹಾಕುವಷ್ಟರಲ್ಲಿ ವಾಂತಿಯಾಯಿತು, ಸೀರೆಯ ಮೇಲೆ ಬೀಳದಂತೆ ಮುಖ ತಿರುಗಿಸಿದಳು. ಏಳಲು ಹೋದರೆ ಕಾಲು ಬರಲಿಲ್ಲ. ನಂಜುಂಡಯ್ಯ ಗುಂಡಿಗಿಳಿದು ಕೆಳಗಿನಿಂದ ಆಕೆಯನ್ನು ಎತ್ತಿಕೊಟ್ಟ, ಕೂಗು ಕೇಳಿ ಓಡಿಬಂದ ಪುಟ್ಟಬಸಪ್ಪ ಮೇಲಿನಿಂದ ಎಳೆದುಕೊಂಡ. ಕೈ ಹಿಮದಂತಿತ್ತು. ಒಸಡಿನಲ್ಲಿ ರಕ್ತ ಕಾಣಿಸಿತು.

ಆಸ್ಪತ್ರೆಯಲ್ಲಿ ಅದೇ ವೈದ್ಯೆ. ಒಂದು ಮಾತೂ ಬೈಯದೆ, ಎರಡು ಕೈಗೂ ಡ್ರಿಪ್ ಹಾಕಿಸಿ, ಮೈಸೂರಿಗೆ ಆಂಬುಲೆನ್ಸ್ ಕರೆಸಿದಳು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ನೀರಿನಂಶ ಸೋರತೊಡಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೊರಗಿನಿಂದ ನೋಡುವವರಿಗೆ ರೋಗಿ ಚೇತರಿಸಿಕೊಂಡಂತೆ ಕಾಣುತ್ತದೆ. ಬೆಳಿಗ್ಗೆಯೇ ಹೋಗಿದ್ದರೆ ಡ್ರಿಪ್‌ನಲ್ಲೇ ಉಳಿಯಬಹುದಿತ್ತು ಎಂದು ವೈದ್ಯೆ ನನಗೆ ಆಮೇಲೆ ಹೇಳಿದಳು, ನಾನು ಕೇಳಿದ್ದಕ್ಕೆ.

ಆಂಬುಲೆನ್ಸ್ ತಿ. ನರಸೀಪುರ ತಲುಪುವ ಮುಂಚೆ ಸರಸ್ವತಮ್ಮ ಕಣ್ಣುಬಿಟ್ಟಳು. ನೇಯ್ಗೆಯ ನಡುವೆ ಎದ್ದು ಹೋಗುವವರು ಸೀರೆಗೆ ಧೂಳು ಕೂರದಂತೆ ಬಿಳಿ ಬಟ್ಟೆ ಹೊದಿಸಿ ಹೋಗಬೇಕು.

"ಮಗ್ಗುಕ್ಕೆ ಬಟ್ಟೆ ಮುಚ್ಚುದ್ರಾ?"

"ಊಂ, ಮುಚ್ಚಿವ್ನಿ."

ಅವನು ಮುಚ್ಚಿರಲಿಲ್ಲ. ಆಕೆ ಮತ್ತೆ ಮಾತಾಡಲಿಲ್ಲ. ಮೈಸೂರಿನಲ್ಲಿ ಬೆಳಗಿನ ಜಾವ ತೀರಿಕೊಂಡಳು.

ವಿಧಿ ಎಂದರು ಬಂದವರೆಲ್ಲ. ನಾನು ಆ ಮಾತನ್ನು ಒಪ್ಪುವವಳಲ್ಲ, ಆದರೆ ಹೆಣದ ಮುಂದೆ ವಾದ ಮಾಡುವವಳೂ ಅಲ್ಲ. ಆರೋಗ್ಯ ಇಲಾಖೆಯವರು ಬಂದು ಬೀದಿಯಲ್ಲೆಲ್ಲ ಹೊಗೆ ಬಿಟ್ಟರು. ಮೋನಿಕಾ ಅಳುತ್ತಲೇ ಆ ಮನೆಯ ಡ್ರಮ್ಮು, ತೊಟ್ಟಿ, ಕುಂಡಗಳನ್ನು ಮತ್ತೆ ನೋಡಿದಳು. ಒಂದು ಹುಳುವೂ ಇರಲಿಲ್ಲ. ಸೂತಕದ ಮನೆಯಲ್ಲಿ ಮಗ್ಗದ ಕೋಣೆಯ ಬಾಗಿಲು ಹಾಕಿತ್ತು.

ತಿಥಿ ಕಳೆದ ಮೇಲೆ ದೀಪಶ್ರೀ ಆ ಬಾಗಿಲು ತೆಗೆದಳು. ಗಂಡ ಉಮೇಶ್ ಹೊನ್ನೂರಿಗೆ ಕರೆದೊಯ್ಯಲು ಆಟೋ ತಂದು ಹೊರಗೆ ನಿಂತಿದ್ದ. ಹೋಗುವ ಮುಂಚೆ ಅಮ್ಮ ಕೂರುತ್ತಿದ್ದ ಜಾಗವನ್ನಾದರೂ ಗುಡಿಸಿಬಿಡುತ್ತೇನೆಂದು ಗುಂಡಿಗಿಳಿದಳು. ನಾನು ಹೊಸಿಲ ಬಳಿ ಇದ್ದೆ, ನಂಜುಂಡಯ್ಯ ಗೋಡೆಗೊರಗಿ ಕೂತಿದ್ದ.

"ಅಪ್ಪ, ಬಾನಿ ಒಳ್ಗೆ ಏನೋ ಆಡ್ತೈತೆ."

ಮೊಬೈಲಿನ ಬೆಳಕು ಬಿಟ್ಟಳು. ಹಳದಿ ನೀರಿನ ತುಂಬ ಹುಳುಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಬೆಳಕು ಬಿದ್ದೊಡನೆ ಬಳುಕಿ ತಳಕ್ಕೆ ಇಳಿದವು. ಯಾರೂ ಏನೂ ವಿವರಿಸಬೇಕಿರಲಿಲ್ಲ. ಮೋನಿಕಾ ಪ್ರತಿ ಶುಕ್ರವಾರ ತೋರಿಸುತ್ತಿದ್ದ ಚಿತ್ರದಲ್ಲಿದ್ದ ಹುಳುಗಳೇ ಅವು. ಈ ಸೊಳ್ಳೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಏರಿ ಮುಟ್ಟಿದಾಗ ಅವು ಒಡೆಯುತ್ತವೆ. ನಂಜುಂಡಯ್ಯ ದಿನವೂ ಬೆಳಿಗ್ಗೆ ಒಂದು ಚೊಂಬು ನೀರು ಏರಿಸುತ್ತಿದ್ದ. ಅದರ ಪಕ್ಕದಲ್ಲೇ ಹಗಲೆಲ್ಲ ಇಬ್ಬರ ಬರಿಗಾಲು ಇಳಿಬಿದ್ದಿರುತ್ತಿತ್ತು.

"ನಾನೇ ತುಂಬುಸ್ತಿದ್ದೆ ಕಣವ್ವ," ಎಂದ. ಇನ್ನೊಮ್ಮೆ ಅದನ್ನೇ ಹೇಳಿದ.

ದೀಪಶ್ರೀ ಬಾನಿ ಎತ್ತಲು ಹೋದಳು. "ಬುಡು, ಮುಟ್ಬ್ಯಾಡ," ಎಂದು ತಾನೇ ಗುಂಡಿಗಿಳಿದ. ನೀರು ತುಂಬಿದ ಬಾನಿಯನ್ನು ಎದೆಗೆ ಅವಚಿಕೊಂಡು ಮೇಲೇರಿ, ಬೀದಿಗೆ ತಂದು, ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಸುರಿದ. ತೊಟ್ಟ ಅಂಗಿಯೆಲ್ಲ ನೆನೆದಿತ್ತು. ಹುಳುಗಳು ಒದ್ದಾಡಿ ಒಣಗುವವರೆಗೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ. ಎದುರುಮನೆಯ ಪುಟ್ಟಬಸಪ್ಪ ಓಡಿಬಂದ.

"ಆಸು ಇನ್ನೂ ಇಳ್ದಿಲ್ಲ, ಬಾನಿ ಬರಿದು ಮಾಡ್ಬುಟ್ಯಲ್ಲೋ! ನಿಮ್ಮಪ್ಪ ಏನೇಳಿದ್ರು ಮರ್ತೋದ್ಯಾ?"

"ನಮ್ಮಪ್ಪುಂಗೆ ಗೊತ್ತಿರ್ನಿಲ್ಲ ಕಣ್ಲಾ. ನಿನ್ ಬಾನಿ ನೋಡ್ಕ ಓಗು. ನಿನ್ ಎಡ್ತಿನೂ ಅದ್ರ ಪಕ್ಕುಕ್ಕೇ ಕುಂತವ್ಳೆ."

ಪುಟ್ಟಬಸಪ್ಪ ನೋಡಿದನೋ ಇಲ್ಲವೋ ಆ ದಿನ ಗೊತ್ತಾಗಲಿಲ್ಲ. ಮುಂದಿನ ಶುಕ್ರವಾರ ನಂಜುಂಡಯ್ಯ ಮೋನಿಕಾಳನ್ನು ಮನೆ ಮನೆಗೆ ಕರೆದುಕೊಂಡು ಹೋಗಿ, "ಒಳುಕ್ಕೆ ಬುಡಿ ಇವ್ಳ, ಗುಂಡಿ ನೋಡ್ಲಿ," ಎಂದ. ಕೆಲವರು ಬಿಟ್ಟರು, ಕೆಲವರು ಹೊಸಿಲಿನಲ್ಲೇ ತಡೆದರು. ನೋಡಿದ ಬಾನಿಗಳಲ್ಲಿ ಹುಳು ಇಲ್ಲದವು ಕಡಿಮೆ. ಈಗ ಕೆಲವು ಮನೆಗಳಲ್ಲಿ ಬಾನಿಯ ಬದಲು ಒದ್ದೆ ಗೋಣಿ ಹಾಸುತ್ತಾರೆ, ಕೆಲವರು ವಾರಕ್ಕೊಮ್ಮೆ ಬಾನಿ ಉಜ್ಜಿ ತೊಳೆಯುತ್ತಾರೆ. ಹಾಸು ಇಳಿಯುವವರೆಗೆ ಮುಟ್ಟದವರು ಇವತ್ತಿಗೂ ಇದ್ದಾರೆ. ಬೀದಿ ಬದಲಾಯಿತು ಎಂದು ನಾನು ಬರೆಯಲಾರೆ.

ಮಗಳು ಕರೆದರೂ ನಂಜುಂಡಯ್ಯ ಹೊನ್ನೂರಿಗೆ ಹೋಗಲಿಲ್ಲ. ಮಗ್ಗದ ಮೇಲಿನ ಸೀರೆಯನ್ನು ಮುಗಿಸಿದ, ಒಬ್ಬನೇ. ಗುಂಡಿಯಲ್ಲಿ ನೀರಿರಲಿಲ್ಲ, ಆಷಾಢದ ಗಾಳಿ ಇನ್ನೂ ನಿಂತಿರಲಿಲ್ಲ. ಎಳೆ ಮತ್ತೆ ಮತ್ತೆ ಕಿತ್ತುಬರುತ್ತಿತ್ತು. ಗಂಟು ಹಾಕುತ್ತಿದ್ದ, ತನ್ನ ಲಾಳಿ ಎಸೆದು, ಬಲಕ್ಕೆ ಸರಿದು ಆಕೆಯ ಲಾಳಿ ಎಸೆಯುತ್ತಿದ್ದ. ಗೋಡೆಯ ಈಚೆಗೆ ಒಂದು ಬಡಿತ ಕೇಳಿ ಬಹಳ ಹೊತ್ತಿನ ಮೇಲೆ ಇನ್ನೊಂದು ಕೇಳುತ್ತಿತ್ತು.

ಅಂಗಡಿಗೆ ಸೀರೆ ಕೊಡಲು ಹೋಗುವಾಗ, ಕಣ್ಣು ಮಂಜು, ರಸ್ತೆ ದಾಟಿಸಿ ಎಂದು ನನ್ನನ್ನು ಕರೆದ. ಅವನ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿತ್ತು. ನಾನು ಹೋದೆ. ಅಂಗಡಿಯ ಯಜಮಾನ ಸೀರೆಯನ್ನು ಮೇಜಿನ ಮೇಲೆ ಹರಡಿ, ಅಂಚಿನ ಮೇಲೆ ಕಣ್ಣಾಡಿಸುತ್ತಾ ಬಂದ. ಮೊದಲರ್ಧ ನೆಟ್ಟಗಿತ್ತು. ಆಮೇಲೆ ಸೊಟ್ಟ. ಮತ್ತೆ ಒಂದು ಗೇಣು ಗೆರೆ ಎಳೆದ ಹಾಗೆ ನೇರ. ಅದರ ಮುಂದೆ ಸೆರಗಿನವರೆಗೂ ಸೊಟ್ಟ. ಅವನ ಬೆರಳು ಆ ಒಂದು ಗೇಣಿನ ಮೇಲೆ ನಿಂತಿತು.

"ಏನ್ ನಂಜುಂಡಯ್ಯ, ಇಲ್ಲಿ ಇಷ್ಟು ಚೆಂದಾಗಿ ಬಂದೈತೆ. ಇದ್ರಂಗೇ ಮುಂದುಕ್ಕೂ ನೇಯ್ಬಾರ್ದಾಗಿತ್ತಾ?"

"ಅದು ನನ್ ಕೈದಲ್ಲ ಸಾ," ಎಂದ ನಂಜುಂಡಯ್ಯ.

ಯಜಮಾನನಿಗೆ ವಿಷಯ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಸೊಟ್ಟ ಭಾಗ ಕಾಣದಂತೆ ಸೀರೆಯನ್ನು ಮಡಚಿದ. ಆ ಗೇಣೂ ಮಡಿಕೆಯೊಳಕ್ಕೆ ಹೋಯಿತು. ಮರಳಿ ಬರುವಾಗ ನಂಜುಂಡಯ್ಯ ರಸ್ತೆಯನ್ನು ತಾನೇ ದಾಟಿದ, ನನ್ನ ಕೈ ಹಿಡಿಯಲಿಲ್ಲ.